ಪೇಪರ್ ತೋರಿಸುವ ದಿನ

ಪರೀಕ್ಷೆ ಅಂದರೆ ಬರೆಯುವವರಿಗೆ ಭಯ ಅಂತ ಊರಲ್ಲಿದ್ದಾಗ ತಿಳಿದಿದ್ದೆ. ಜರ್ಮನಿಗೆ ಬಂದು ಮೇಷ್ಟ್ರಾದ ಮೇಲೆ ತಿದ್ದುವವರಿಗೂ ಭಯ ಇರುತ್ತದೆ ಅಂತ ಗೊತ್ತಾಯಿತು. ಅದಕ್ಕೊಂದು ದಿನವನ್ನೇ ಇಟ್ಟಿದ್ದಾರೆ. ಹೆಸರು ಐನ್‌ಜಿಶ್ಟ್. ಪದ ಬಿಡಿಸಿದರೆ ‘ಒಳನೋಟ’. ಫಲಿತಾಂಶ ಬಂದ ಮೇಲೆ ವಿದ್ಯಾರ್ಥಿಗಳು ಬಂದು ತಮ್ಮ ಉತ್ತರಪತ್ರಿಕೆ ತೆಗೆದು ನೋಡುವ ದಿನ. ತಿದ್ದಿದವರು ಎದುರಿಗೇ ಕೂತಿರಬೇಕು. ಇಲ್ಲೇಕೆ ಅರ್ಧ ಅಂಕ ಹೋಯಿತು ಅಂತ ಕೇಳಿದರೆ ಉತ್ತರ ಹೇಳಬೇಕು. ಫೀಸ್ ಇಲ್ಲ, ಅರ್ಜಿ ಇಲ್ಲ.

ನಾನು ಬಿ.ಇ. ಓದುವಾಗ ನಾಲ್ಕನೇ ಸೆಮಿಸ್ಟರ್‌ನಲ್ಲಿ ಒಂದು ಪೇಪರ್ ಹೋಯಿತು. ಚೆನ್ನಾಗಿಯೇ ಬರೆದಿದ್ದೆ ಅನ್ನುವ ಧೈರ್ಯದಲ್ಲಿ ಅಪ್ಪನ ಹತ್ತಿರ ದುಡ್ಡು ಕೇಳಿ ರೀವ್ಯಾಲ್ಯುಯೇಷನ್‌ಗೆ ಹಾಕಿದೆ. ಎರಡು ತಿಂಗಳಾದ ಮೇಲೆ ‘ನೋ ಚೇಂಜ್’ ಅಂತ ಎರಡೇ ಪದ ಬಂತು. ನನ್ನ ಉತ್ತರ ಓದಿದವರು ಯಾವ ಊರಿನವರೋ, ನಿಜಕ್ಕೂ ಓದಿದರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಇಲ್ಲಿ ತಿದ್ದುವ ಪದ್ಧತಿಯೇ ಬೇರೆ. ನಾನು ಕಲಿಸುವುದು ಕಂಪ್ಯೂಟರ್ ವಿಜ್ಞಾನ. ಅಲ್ಗಾರಿದಮ್ ಕೋರ್ಸಿಗೆ ಮುನ್ನೂರರ ಮೇಲೆ ವಿದ್ಯಾರ್ಥಿಗಳು. ಪರೀಕ್ಷೆ ಮುಗಿದ ಮರುದಿನ ವಿಭಾಗದ ನಾವೆಲ್ಲ ಒಂದೇ ಕೋಣೆಯಲ್ಲಿ ಕಟ್ಟುಗಳ ಸುತ್ತ ಕೂರುತ್ತೇವೆ. ಒಬ್ಬರಿಗೆ ಒಂದೇ ಪ್ರಶ್ನೆ. ನಾಲ್ಕನೇ ಪ್ರಶ್ನೆ ನನ್ನದಾದರೆ ಎಲ್ಲ ಮುನ್ನೂರು ಪತ್ರಿಕೆಯ ನಾಲ್ಕನೇ ಪ್ರಶ್ನೆಯನ್ನೂ ನಾನೇ ತಿದ್ದಬೇಕು. ನೂರು ದಾಟುವ ಹೊತ್ತಿಗೆ ಕೈ ತಾನಾಗಿ ಓಡುತ್ತದೆ, ಇನ್ನೂರರ ಹೊತ್ತಿಗೆ ಪಿಜ್ಜಾ ಬರುತ್ತದೆ. ಒಬ್ಬನೇ ತಿದ್ದುವುದರಿಂದ ಎಲ್ಲರಿಗೂ ಒಂದೇ ಅಳತೆ ಸಿಗುತ್ತದೆ, ಸರಿ. ಆದರೆ ಅಳತೆಗೋಲೇ ಸೊಟ್ಟಗಿದ್ದರೆ ಮುನ್ನೂರೂ ಸೊಟ್ಟ. ಅದನ್ನು ನಾನು ಕಲಿತ ಕತೆಯನ್ನು ಮುಂದೆ ಹೇಳುತ್ತೇನೆ.

ದರ್ಜೆಯ ಲೆಕ್ಕ ನಮ್ಮದಕ್ಕೆ ಉಲ್ಟಾ. 1.0 ಅತ್ಯುತ್ತಮ, 4.0 ಅಂದರೆ ಅಂತೂ ಪಾಸು, 5.0 ಫೇಲು. ಎಷ್ಟೋ ಕಡೆ ಒಂದು ವಿಷಯಕ್ಕೆ ಮೂರೇ ಅವಕಾಶ. ಮೂರನೆಯದೂ ಹೋದರೆ ಆ ಪದವಿಯನ್ನೇ ಬಿಡಬೇಕಾದೀತು. ಐನ್‌ಜಿಶ್ಟ್‌ಗೆ ಬರುವವರ ಮುಖದಲ್ಲಿ ಆ ಲೆಕ್ಕ ಕಾಣುತ್ತದೆ.

ಪಾಠದ ವಿಷಯಕ್ಕೆ ಬಂದರೆ, ವೇಳಾಪಟ್ಟಿಯಲ್ಲಿ ‘10 ಸಿ.ಟಿ.’ (ಕುಮ್ ಟೆಂಪೊರೆ, ಅಂದರೆ ‘ಸಮಯ ಸೇರಿಸಿ’) ಅಂತ ಇದ್ದರೆ 10:15 ಅಂತ ಅರ್ಥ. ಕಾಲು ಗಂಟೆ ತಡವನ್ನು ಲ್ಯಾಟಿನ್‌ನಲ್ಲೇ ಮಂಜೂರು ಮಾಡಿದ್ದಾರೆ. ನಮ್ಮ ಊರಿನ ಸಭೆಗಳಿಗೂ ಇದನ್ನು ಅಚ್ಚು ಹಾಕಿಸಬಹುದು. ಪಾಠ ಮುಗಿದ ಮೇಲೆ ಹುಡುಗರು ಚಪ್ಪಾಳೆಯ ಬದಲು ಗೆಣ್ಣಿನಿಂದ ಬೆಂಚು ಕುಟ್ಟುತ್ತಾರೆ. ಮೊದಲ ದಿನ ಜಗಳಕ್ಕೆ ಬಂದರೇನೋ ಅಂದುಕೊಂಡಿದ್ದೆ.

ನನಗೆ ಖುಷಿ ಕೊಡುವ ಪಾಠ ಸ್ಟ್ಯಾಕ್. ಕಂಪ್ಯೂಟರಿನಲ್ಲಿ ಮಾಹಿತಿ ಇಡುವ ಒಂದು ಕ್ರಮ, ಕೊನೆಗೆ ಇಟ್ಟಿದ್ದು ಮೊದಲು ಹೊರಗೆ ಬರುವ ವ್ಯವಸ್ಥೆ. ಮ್ಯೂನಿಕ್‌ನ ಫ್ರೀಡ್ರಿಶ್ ಬಾವರ್ ಮತ್ತು ಕ್ಲಾವ್ಸ್ ಸಾಮೆಲ್ಸನ್ 1957ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಅವರು ಅದನ್ನು ಕರೆದದ್ದು ‘ಕೆಲ್ಲರ್’ ಅಂತ, ಅಂದರೆ ನೆಲಮಾಳಿಗೆ. ಈಗಲೂ ಇಲ್ಲಿನ ಪಠ್ಯಗಳಲ್ಲಿ ಆ ಪದ ಇದೆ. ಅದನ್ನು ಮೊದಲು ಓದಿದಾಗ ನನಗೆ ಅಜ್ಜನ ಮನೆಯ ಹಗೇವು ಕಣ್ಣಿಗೆ ಬಂತು. ನೆಲದೊಳಗೆ ತೋಡಿದ ಕಣಜ, ಮೇಲೊಂದೇ ಬಾಯಿ. ಜೋಳ ಸುರಿಯುವುದೂ ಅಲ್ಲಿಂದಲೇ, ತೆಗೆಯುವುದೂ ಅಲ್ಲಿಂದಲೇ. ತಳದ ಜೋಳ ಬೇಕೆಂದರೆ ಮೇಲಿನದೆಲ್ಲ ತೆಗೆಯಬೇಕು. ಪ್ರತಿ ವರ್ಷ ಬೋರ್ಡಿನ ಮೇಲೆ ಹಗೇವಿನ ಚಿತ್ರ ಬರೆಯುತ್ತೇನೆ. ಜರ್ಮನ್ ಹುಡುಗರು ಅದನ್ನು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ.

ಅವರು ನನ್ನನ್ನು ಕರೆಯುವುದು ಸರ್ ನೇಮ್ ಹಿಡಿದು. ನಮ್ಮ ಕಡೆ ಸರ್ ನೇಮ್ ಎಲ್ಲಿಂದ ಬರಬೇಕು? ಪಾಸ್‌ಪೋರ್ಟ್ ಮಾಡಿಸುವಾಗ ಆ ಖಾನೆಗೆ ಅಪ್ಪನ ಹೆಸರು ತುಂಬಿದ್ದೆ. ಅಪ್ಪ ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು. ಈಗ ಅವರ ಹೆಸರಿನ ಹಿಂದೆ ‘ಹೆರ್ ಡಾಕ್ಟರ್’ ಸೇರಿಸಿ ನನಗೆ ಪತ್ರ ಬರುತ್ತದೆ. ಒಂದು ಕವರನ್ನು ಊರಿಗೆ ಒಯ್ದು ತೋರಿಸಿದ್ದೆ. ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ.

ಈ ಮಾರ್ಚ್‌ನ ಐನ್‌ಜಿಶ್ಟ್‌ಗೆ ಒಬ್ಬ ಹುಡುಗಿ ಬಂದಳು. 90ಕ್ಕೆ 42.5 ಬಂದಿತ್ತು, ಪಾಸಾಗಲು 45 ಬೇಕಿತ್ತು. ನೇರವಾಗಿ ನಾಲ್ಕನೇ ಪ್ರಶ್ನೆ ತೆಗೆದು ನನ್ನ ಮುಂದಿಟ್ಟಳು.

ಪ್ರಶ್ನೆ ಹ್ಯಾಶ್ ಟೇಬಲ್‌ದು, ಅಂದರೆ ಮಾಹಿತಿಯನ್ನು ಬೇಗ ಹುಡುಕಲು ಆಗುವಂತೆ ಜೋಡಿಸಿಡುವ ಕ್ರಮದ್ದು. ಮದುವೆ ಊಟದ ಪಂಕ್ತಿ ಅಂದುಕೊಳ್ಳಿ. ಏಳು ಎಲೆ, 0ರಿಂದ 6ರವರೆಗೆ ಸಂಖ್ಯೆ. ಬಂದವರ ಸಂಖ್ಯೆಯನ್ನು 7ರಿಂದ ಭಾಗಿಸಿ ಉಳಿದ ಶೇಷವೇ ಅವರ ಎಲೆ. 10 ಬಂದರೆ ಮೂರನೇ ಎಲೆ. 17ಕ್ಕೂ ಶೇಷ 3, ಅಲ್ಲಿ ಜನ ಇದ್ದಾರೆ, ಹಾಗಾಗಿ ಪಕ್ಕದ ನಾಲ್ಕು. 24ಕ್ಕೂ ಮೂರೇ, ಕೂರುವುದು ಐದರಲ್ಲಿ. ಯಾರನ್ನಾದರೂ ಹುಡುಕುವಾಗ ಅವರ ಮೊದಲ ಎಲೆಯಿಂದ ಸಾಲಾಗಿ ನೋಡುತ್ತಾ ಹೋಗಬೇಕು, ಖಾಲಿ ಎಲೆ ಸಿಕ್ಕರೆ ಅವರು ಬಂದಿಲ್ಲ ಅಂತ ನಿಲ್ಲಿಸಬೇಕು. ಈಗ 17 ಎದ್ದು ಹೋದ. ನಾಲ್ಕನೇ ಎಲೆ ಖಾಲಿ. 24 ಅನ್ನು ಹುಡುಕಿ ಬಂದವನು ಅಲ್ಲೇ ನಿಂತು ‘ಬಂದಿಲ್ಲ’ ಅನ್ನುತ್ತಾನೆ, 24 ಪಕ್ಕದಲ್ಲೇ ಹೋಳಿಗೆ ತಿನ್ನುತ್ತಾ ಕೂತಿದ್ದರೂ.

ಇದಕ್ಕೆ ಎರಡು ದಾರಿ. ಒಂದು, 24 ಅನ್ನು ನಾಲ್ಕಕ್ಕೆ ಸರಿಸುವುದು. ಇನ್ನೊಂದು, ಎದ್ದವನ ಎಲೆ ಮಡಚಿ ಹಾಗೇ ಬಿಡುವುದು, ಅಂದರೆ ‘ಇಲ್ಲೊಬ್ಬರಿದ್ದರು, ಮುಂದೆ ನೋಡಿ’ ಅನ್ನುವ ಗುರುತು. ಎರಡನ್ನೂ ಪಾಠದಲ್ಲಿ ಹೇಳಿದ್ದೆ. ಪ್ರಶ್ನೆಯಲ್ಲಿ ‘17 ಅನ್ನು ಅಳಿಸಿ’ ಅಂತ ಮಾತ್ರ ಇತ್ತು. ನನ್ನ ಉತ್ತರದ ಕೀಯಲ್ಲಿ ಸರಿಸುವುದೊಂದೇ ಇತ್ತು. ಅವಳು ಎಲೆ ಮಡಚಿದ್ದಳು. ನಾನು ಕೆಂಪು ಶಾಯಿಯಲ್ಲಿ ಮೂರು ಅಂಕ ಕಿತ್ತಿದ್ದೆ.

“ನಿಮ್ಮ ಏಳನೇ ವಾರದ ಸ್ಲೈಡ್ ನೋಡಿ,” ಅಂದಳು. ದನಿ ಏರಲಿಲ್ಲ. ಪ್ರಿಂಟ್ ತೆಗೆದುಕೊಂಡೇ ಬಂದಿದ್ದಳು. ನೋಡಿದೆ. ನನ್ನದೇ ಸ್ಲೈಡು, ನನ್ನದೇ ಚಿತ್ರ.

ಒಂದು ಕ್ಷಣ, ಬೇರೆ ಏನಾದರೂ ನೆಪ ಸಿಗುತ್ತದಾ ಅಂತ ಮನಸ್ಸು ಹುಡುಕಿದ್ದು ಸುಳ್ಳಲ್ಲ. ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು. ಮೂರು ಅಂಕ ಬರೆದು ಸಹಿ ಹಾಕಿದೆ. 45.5. ಥ್ಯಾಂಕ್ಸ್ ಹೇಳಿ ಹೋದಳು, ಹೋಗುವಾಗ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ನಾನು ಮುನ್ನೂರು ಪತ್ರಿಕೆಯ ಕಟ್ಟನ್ನು ಮತ್ತೆ ಕೆಳಗಿಳಿಸಿದೆ. ಅವಳಿಗೆ ಕೊಟ್ಟ ಮೇಲೆ ಎಲೆ ಮಡಚಿದ ಎಲ್ಲರಿಗೂ ಕೊಡಬೇಕಲ್ಲ, ಐನ್‌ಜಿಶ್ಟ್‌ಗೆ ಬಾರದವರಿಗೂ.

ಅದೇ ವಾರ ನಮ್ಮ ಸಂಶೋಧನಾ ಪ್ರಬಂಧದ ಗಡುವೂ ಇತ್ತು. ಕಂಪ್ಯೂಟರ್ ವಿಜ್ಞಾನದಲ್ಲಿ ಜರ್ನಲ್‌ಗಿಂತ ಸಮ್ಮೇಳನಕ್ಕೆ ಬೆಲೆ ಹೆಚ್ಚು, ಸಮ್ಮೇಳನಕ್ಕೆ ಗಡುವೇ ದೇವರು. ಗಡುವು ಬಹಳ ಸಲ ‘ಭೂಮಿಯ ಮೇಲೆ ಎಲ್ಲಿಯಾದರೂ ರಾತ್ರಿ 11:59’ ಅಂತ ಇರುತ್ತದೆ. ಭೂಮಿಯ ಕಟ್ಟಕಡೆಯ ಮೂಲೆಯಲ್ಲಿ ಆ ದಿನ ಮುಗಿಯುವವರೆಗೆ ಸಮಯ. ಮಾರ್ಚ್‌ನಲ್ಲಿ ನಮಗೆ ಅದು ಮರುದಿನ ಮಧ್ಯಾಹ್ನ 12:59, ದಾವಣಗೆರೆಯಲ್ಲಿ ಸಂಜೆ 5:29. ಬೆಳಿಗ್ಗೆ ಪ್ರಬಂಧ, ರಾತ್ರಿ ನಾಲ್ಕನೇ ಪ್ರಶ್ನೆ. ಸಹೋದ್ಯೋಗಿಯೊಬ್ಬರು ಕೇಳದೆಯೇ ಅರ್ಧ ಕಟ್ಟು ಎತ್ತಿಕೊಂಡು ಹೋದರು.

ವಿಚಿತ್ರ ಏನೆಂದರೆ ನಮ್ಮ ಪ್ರಬಂಧಗಳನ್ನು ತೂಗುವ ಮೂವರು ಯಾರೆಂದು ನಮಗೆ ಯಾವತ್ತೂ ಗೊತ್ತಾಗುವುದಿಲ್ಲ. ‘ಹೊಸತನ ಸಾಲದು’ ಅಂತ ಒಂದು ಸಾಲು ಬರೆದು ಕಳಿಸುತ್ತಾರೆ. ಅದನ್ನು ಓದುವಾಗಲೆಲ್ಲ ನನಗೆ ಹಳೆಯ ‘ನೋ ಚೇಂಜ್’ ನೆನಪಾಗುತ್ತದೆ. ಆ ಸಾಲಿನ ಮೇಲೆ ಇಲ್ಲಿನ ಕೆಲಸವೂ ನಿಂತಿದೆ. 2007ರ ಕಾನೂನಿನ ಪ್ರಕಾರ ವಿಶ್ವವಿದ್ಯಾಲಯದಲ್ಲಿ ನನ್ನಂಥವರನ್ನು ಪಿಎಚ್.ಡಿ.ಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷ ಸಾಮಾನ್ಯವಾಗಿ ಗುತ್ತಿಗೆಯ ಮೇಲೆ ಇಟ್ಟುಕೊಳ್ಳಬಹುದು. ಅಷ್ಟರೊಳಗೆ ಖಾಯಂ ಹುದ್ದೆ ಸಿಗದಿದ್ದರೆ ದಾರಿ ನೋಡಿಕೊಳ್ಳಬೇಕು. ಈ ಕಾನೂನನ್ನು ವಿವರಿಸಲು ಸರ್ಕಾರ ಮಾಡಿದ್ದ ವಿಡಿಯೊದಲ್ಲಿ ಹನ್ನಾ ಅನ್ನುವ ಕಲ್ಪನೆಯ ಸಂಶೋಧಕಿ ಇದ್ದಳು; 2021ರಲ್ಲಿ ‘ನಾನು ಹನ್ನಾ’ ಅಂತ ಸಾವಿರಾರು ಸಂಶೋಧಕರು ಇದರ ವಿರುದ್ಧ ಟ್ವಿಟರ್‌ನಲ್ಲಿ ಬರೆದರು. ನನ್ನ ಎರಡನೇ ಆರರಲ್ಲಿ ಮೂರು ಮುಗಿದಿವೆ.

ಪೂರ್ತಿ ತಿದ್ದಿ ಮುಗಿದಾಗ ನಲವತ್ತೊಂದು ಜನರ ಅಂಕ ಬದಲಾಗಿತ್ತು. ಅವತ್ತು ರಾತ್ರಿ ಅಕ್ಕನ ಮನೆಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅಕ್ಕನ ಮಗ ಇಂಜಿನಿಯರಿಂಗ್ ಮೂರನೇ ವರ್ಷ, ಫೋನ್ ಕಿತ್ತುಕೊಂಡ.

“ಮಾವ, ಆ ಹುಡುಗಿ ಎಷ್ಟು ಫೀಸ್ ಕಟ್ಟಿದ್ಲು?”

“ಏನೂ ಇಲ್ಲ ಕಣೋ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಲ್ಲಿಗೆ ಬರೋಕೆ ನನ್ನ ಸಿಜಿಪಿಎ ಸಾಕಾಗುತ್ತಾ? 7.2 ಇದೆ.”

ನಮ್ಮ ಅಂಕಗಳನ್ನು ಇಲ್ಲಿಯದಕ್ಕೆ ಇಳಿಸಲು ಬವೇರಿಯಾದ ಒಂದು ಸೂತ್ರ ಇದೆ. ಗರಿಷ್ಠ 10, ಪಾಸಿಗೆ 4 ಅಂತ ಇಟ್ಟುಕೊಂಡು ಕವರಿನ ಹಿಂದೆಯೇ ಲೆಕ್ಕ ಹಾಕಿದೆ. ಹತ್ತರಿಂದ 7.2 ಕಳೆದರೆ 2.8, ಅದನ್ನು ಆರರಿಂದ ಭಾಗಿಸಿ ಮೂರರಿಂದ ಗುಣಿಸಿದರೆ 1.4, ಅದಕ್ಕೊಂದು ಕೂಡಿಸಿದರೆ 2.4.

“ಎರಡೂವರೇನೂ ಇಲ್ವಾ!” ಅಂದ, ದನಿ ಇಳಿದುಹೋಯಿತು.

“ಲೇ, ಇಲ್ಲಿ ಕಮ್ಮಿ ಇದ್ದಷ್ಟೂ ಒಳ್ಳೇದು.”

“ಹಂಗಾದ್ರೆ ಅಮ್ಮಂಗೆ ಇದನ್ನೇ ಹೇಳ್ತೀನಿ,” ಅಂತ ಫೋನನ್ನು ಅಕ್ಕನ ಕೈಗೆ ಕೊಟ್ಟ.