ಕೌನ್ಸೆಲಿಂಗ್ ವಿದ್ಯಾರ್ಥಿಯನ್ನು ಮೊದಲ ಕೇಸಿಗೆ ಯಾವಾಗ ಕೂರಿಸಬೇಕು?

"ಎರಡು ವರ್ಷ ಎಮ್ಮೆಸ್ಸಿ ಓದ್ಯಾರ, ಇನ್ನೇನ್ ಕಲೀಬೇಕ್ರಿ? ಸೀದಾ ಪೇಶಂಟ್ ಮುಂದ ಕುಂದ್ರಸ್ರಿ." ಹುಬ್ಬಳ್ಳಿ–ಧಾರವಾಡದಲ್ಲಿ ಮನಃಶಾಸ್ತ್ರ, ಸಮಾಜಕಾರ್ಯ ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಫೀಲ್ಡ್‌ವರ್ಕಿಗೆ ಕಳಿಸುವ ಹೊತ್ತಿಗೆ ಈ ಮಾತು ಬಂದೇ ಬರುತ್ತದೆ. ಪಾಲಕರು ಕೇಳುತ್ತಾರೆ, ಆಸ್ಪತ್ರೆಯವರು ಕೇಳುತ್ತಾರೆ, ಹೆಚ್ಚಾಗಿ ವಿದ್ಯಾರ್ಥಿಗಳೇ ಕೇಳುತ್ತಾರೆ. ಅವರಿಗೆಲ್ಲ ಕೊಡುವ ಉತ್ತರ ಇಷ್ಟು: ತಾನು ಆಡಿದ ಮಾತನ್ನು ಇದ್ದದ್ದಿದ್ದಂತೆ, ಕೆಲಸ ನೋಡಿ ತಿದ್ದುವ ಹಿರಿಯರಾದ ಸೂಪರ್‌ವೈಸರ್ ಮುಂದೆ ಇಡಬಲ್ಲವಳು, ಎಲ್ಲಿ ತಾನೊಬ್ಬಳೇ ನಿಭಾಯಿಸಬಾರದು ಎಂದು ತಿಳಿದವಳು ಮೊದಲ ಕೇಸಿಗೆ ತಯಾರು. ಅಂಕಪಟ್ಟಿಯಲ್ಲಿ ಇದು ಕಾಣುವುದಿಲ್ಲ. ವಾರಕ್ಕೆ ಎರಡು ಸಲ, ಒಬ್ಬರು ಬಂದವರಾಗಿ ಇನ್ನೊಬ್ಬರು ಕೌನ್ಸೆಲರಾಗಿ ಆಡುವ ರೋಲ್‌ಪ್ಲೇ ಮಾಡಿಸಿದರೂ ಆರರಿಂದ ಎಂಟು ವಾರ ಹಿಡಿಯುತ್ತದೆ. ಆ ವಾರಗಳಲ್ಲಿ ಏನು ಮಾಡಿಸಬೇಕು ಎನ್ನುವುದೇ ಈ ಬರಹ.

ಮೊದಲು ಭಾಷೆ. ನಮ್ಮ ಮಕ್ಕಳು ಪಾಠವನ್ನೆಲ್ಲ ಇಂಗ್ಲಿಷಿನಲ್ಲಿ ಓದಿರುತ್ತಾರೆ. ಎದುರಿಗೆ ಬಂದು ಕೂರುವವರು ನವಲಗುಂದದವರು, ರೋಣದವರು, ಹಿರೇಕೆರೂರಿನವರು. ಅವರ ಬಾಯಲ್ಲಿ ಡಿಪ್ರೆಶನ್ ಬರುವುದಿಲ್ಲ. "ಎದಿ ಡವಡವ ಅಂತೈತ್ರಿ", "ತಲಿ ಗಿಮ್ ಅಂತೈತಿ", "ನಿದ್ದಿ ಹತ್ತವಲ್ದು", "ಮನಸ ಮನಸ್ನ್ಯಾಗ ಇಲ್ಲ", "ಜೀವ ಬ್ಯಾಸರಾಗೇತಿ" ಎನ್ನುತ್ತಾರೆ. ಇದರಲ್ಲಿ ಯಾವುದು ಬರೀ ದಣಿವು, ಯಾವುದು ಆತಂಕ, ಯಾವುದರ ಹಿಂದೆ ಸಾವಿನ ಯೋಚನೆ ಇದೆ ಎಂದು ಕೇಳಿ ತಿಳಿಯುವುದು ಅಭ್ಯಾಸದಿಂದ ಬರುವ ವಿದ್ಯೆ. ಒಂದೇ ಒಂದು ಮಾತು ತೆಗೆದುಕೊಳ್ಳಿ. "ಹ್ವಾದ ವರ್ಷ ಎಣ್ಣಿ ಕುಡದಿದ್ದೆ" ಎಂದರೆ ನಮ್ಮ ಕಡೆ ಹೊಲಕ್ಕೆ ಹೊಡೆಯುವ ಕೀಟನಾಶಕ ಕುಡಿದಿದ್ದೆ ಎಂದರ್ಥ. ಬೆಂಗಳೂರು ಕಡೆಯಿಂದ ಬಂದ ವಿದ್ಯಾರ್ಥಿ ಇದನ್ನು ಸಾರಾಯಿ ಎಂದುಕೊಂಡು "ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ" ಎಂದು ಕೇಳಿಬಿಟ್ಟರೆ, ಬಂದವರು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ. ಹಾಗಾಗಿ ಮೊದಲ ಎರಡು ವಾರ ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಇಂಥ ಐವತ್ತು ಮಾತುಗಳ ಪಟ್ಟಿ ಮಾಡಬೇಕು. ಪಕ್ಕದಲ್ಲಿ ಅರ್ಥ ಬೇಡ. ಆ ಮಾತು ಕೇಳಿದ ಕೂಡಲೇ ತಾನು ಕೇಳಬೇಕಾದ ಮುಂದಿನ ಪ್ರಶ್ನೆಯನ್ನು ಬರೆಯಬೇಕು.

ಕೌನ್ಸೆಲಿಂಗ್ ಎಂಬ ಪದದ್ದೇ ಒಂದು ತೊಡಕು. ಮಗನನ್ನು ಕರೆತಂದ ತಂದೆ "ಇವಂಗ ಸ್ವಲ್ಪ ಬುದ್ಧಿ ಹೇಳ್ರಿ ಮೇಡಮ್ಮಾರ" ಎನ್ನುತ್ತಾರೆ. ವಿದ್ಯಾರ್ಥಿಗೂ ಒಳಗೊಳಗೇ ಬುದ್ಧಿ ಹೇಳುವ ಆಸೆ ಇರುತ್ತದೆ, ಮೌನಕ್ಕಿಂತ ಅದು ಸುಲಭ. ಮೂರೇ ನಿಮಿಷಕ್ಕೆ ಉಪದೇಶ ಶುರುವಾದರೆ ಹುಡುಗ ಇನ್ನೊಬ್ಬ ಮೇಷ್ಟ್ರು ಸಿಕ್ಕರು ಎಂದು ತಲೆ ತಗ್ಗಿಸಿ ಕೂರುತ್ತಾನೆ. ರೋಲ್‌ಪ್ಲೇಯಲ್ಲಿ ಒಂದು ಕಟ್ಟುಪಾಡು ಹಾಕಿ: ಮೊದಲ ಹದಿನೈದು ನಿಮಿಷ ಸಲಹೆಯ ಒಂದು ವಾಕ್ಯವೂ ಬರಕೂಡದು. ನೋಡುವವರು ಎಣಿಸುತ್ತಾ ಕೂರಲಿ. ಮೊದಲ ದಿನ ಹತ್ತು ಹನ್ನೆರಡು ಬರುತ್ತವೆ, ಗಾಬರಿಯಾಗಬೇಡಿ.

ಮನೆಯವರು ಜೊತೆಗೆ ಬರುವುದು ನಮ್ಮಲ್ಲಿ ವಾಡಿಕೆ. ಅವರನ್ನು ಬಾಗಿಲಲ್ಲೇ ತಡೆದರೆ ಅನುಮಾನ, ಒಳಗೇ ಕೂರಿಸಿದರೆ ಬಂದವರಿಗೆ ಮಾತಿಲ್ಲ. ಮೊದಲ ಹತ್ತು ನಿಮಿಷ ಎಲ್ಲರ ಜೊತೆ, ಆಮೇಲೆ "ಈಗ ಇವರೊಬ್ಬರ ಜೋಡೀನ ಮಾತಾಡ್ತೀನ್ರಿ, ನೀವು ಹೊರಗ ಕುಂದ್ರಿ" ಎಂದು ಸಹಜವಾಗಿ ಹೇಳುವುದನ್ನು ರೂಢಿಸಬೇಕು. ಇನ್ನೊಂದು, ಬಂದವರು ವಿದ್ಯಾರ್ಥಿಗೇ ಹಾಕುವ "ಯಾವ ಊರವರ್ರಿ? ಅಡ್ಡಹೆಸರೇನು?" ಎಂಬ ಪ್ರಶ್ನೆ. ಜಾತಿ, ಬೀಗತನ ಎಲ್ಲ ಅಡ್ಡಹೆಸರಲ್ಲೇ ತಿಳಿಯುವ ಸೀಮೆ ನಮ್ಮದು. ವಿದ್ಯಾರ್ಥಿ ಮುಖ ಗಂಟಿಕ್ಕಬಾರದು. ಹೆಸರು ಹೇಳಿ, ಮುಂದಕ್ಕೆ ಹೋಗಬೇಕು. ನಂಟು ಹೊರಬಿದ್ದರೆ ಆ ದಿನವೇ ಸೂಪರ್‌ವೈಸರಿಗೆ ತಿಳಿಸಿ, ಆ ಕೇಸು ಬೇರೆಯವರಿಗೆ ಹೋಗಬೇಕು.

ಇನ್ನು ಒಪ್ಪಿಗೆ. ಆಸ್ಪತ್ರೆಯ ಇಂಗ್ಲಿಷ್ ಫಾರ್ಮಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಒಪ್ಪಿಗೆ ಪಡೆದಂತಾಗಲಿಲ್ಲ. ಎರಡು ನಿಮಿಷದಲ್ಲಿ, ಅವರ ಮಾತಲ್ಲಿ, ಬಾಯಿಬಿಟ್ಟು ಹೇಳಬೇಕು: "ನಾ ಇನ್ನೂ ಕಲಿಯಾಕತ್ತೀನ್ರಿ. ನನ್ನ ಮ್ಯಾಲ ಒಬ್ಬ ಸೂಪರ್‌ವೈಸರ್ ಅದಾರ, ನೀವು ಹೇಳಿದ್ದನ್ನ ಅವರ ಜೋಡಿ ಮಾತಾಡ್ತೀನಿ. ಇವತ್ತ ಮುಕ್ಕಾಲು ತಾಸ ಕುಂದ್ರೋಣು. ಇಲ್ಲಿ ಆಡಿದ್ದು ಹೊರಗ ಹೋಗಂಗಿಲ್ಲ. ಆದ್ರ ನಿಮ್ಮ ಜೀವಕ್ಕ, ಬ್ಯಾರೇದವರ ಜೀವಕ್ಕ ಅಪಾಯ ಐತಿ ಅನಿಸಿದ್ರ, ಸಣ್ಣ ಮಕ್ಕಳಿಗೆ ತ್ರಾಸ ಆಗಾಕತ್ತೇತಿ ಅಂತ ಗೊತ್ತಾದ್ರ, ಇಲ್ಲಾ ಕೋರ್ಟ್ ಕೇಳಿದ್ರ, ನಾ ಸುಮ್ನಿರಾಕ ಬರಂಗಿಲ್ರಿ. ಬ್ಯಾಡ ಅನಿಸಿದ್ರ ಯಾವಾಗ ಬೇಕಾದ್ರೂ ಎದ್ದು ಹೋಗ್ರಿ, ಅದರಿಂದ ನಿಮ್ಮ ಔಷಧ ಏನೂ ತಪ್ಪಂಗಿಲ್ಲ." ಇದನ್ನು ಗಿಳಿಪಾಠ ಮಾಡಿದರೆ ಸಾಲದು. ರೋಲ್‌ಪ್ಲೇಯಲ್ಲಿ ಎದುರಿನವರು ನಡುವೆ ತಡೆದು "ಅಂದ್ರ ನಮ್ಮ ಅತ್ತೆಗೆ ಹೇಳ್ತೀರಿ?" ಎಂದು ಕೇಳಲಿ. ಅಲ್ಲಿ ತಡವರಿಸುವವರು ಇನ್ನೂ ಒಂದು ವಾರ ಕಾಯಬೇಕು.

"ಯಾರಿಗೂ ಹೇಳುವುದಿಲ್ಲ" ಎಂಬ ಪೂರಾ ಭರವಸೆ ಯಾಕೆ ಕೊಡಬಾರದು ಎನ್ನುವುದಕ್ಕೆ ಕಾನೂನಿನ ಕಾರಣವೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯತೆಯ ಹಕ್ಕನ್ನೂ ಅದರ ವಿನಾಯಿತಿಗಳನ್ನೂ ಒಟ್ಟಿಗೇ ಹೇಳುತ್ತದೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ 18 ತುಂಬದವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ ಇದೆ. ಹದಿನೇಳರ ಹುಡುಗಿ, ಕೊರಳಲ್ಲಿ ತಾಳಿ, ಹೊಟ್ಟೆಯಲ್ಲಿ ಮೂರು ತಿಂಗಳು. ಇಂಥ ಕೇಸು ಮೊದಲ ತಿಂಗಳಲ್ಲೇ ಎದುರಾಗಬಹುದು. ಆಗ ವಿದ್ಯಾರ್ಥಿ ಮಾಡಬೇಕಾದದ್ದು: ಹುಡುಗಿಯನ್ನು ಅಡ್ಡಪ್ರಶ್ನೆ ಹಾಕಿ ಕೆದಕಬಾರದು, ಅವಳು ಹೇಳಿದ್ದನ್ನು ಅವಳದೇ ಮಾತಲ್ಲಿ ಬರೆದುಕೊಳ್ಳಬೇಕು, ಅವಳನ್ನು ಒಂಟಿಯಾಗಿ ಬಿಡದೆ ಸೂಪರ್‌ವೈಸರನ್ನು ಕರೆಸಬೇಕು. ಮುಂದಿನ ಹೆಜ್ಜೆಯನ್ನು ವಿಭಾಗದ ಹಿರಿಯರು ಇಡುತ್ತಾರೆ. ಏನಾಗಲಿದೆ ಎಂದು ಹುಡುಗಿಗೆ ಮೊದಲೇ ಹೇಳುವುದನ್ನು ಮಾತ್ರ ಯಾರೂ ಮರೆಯಬಾರದು. ನಮ್ಮ ನಂಬಿಕೆ ಉಳಿಯುವುದೋ ಮುರಿಯುವುದೋ ಅಲ್ಲೇ ತೀರ್ಮಾನವಾಗುತ್ತದೆ.

ಸಾವಿನ ಯೋಚನೆಯ ಬಗ್ಗೆ ಕೇಳುವುದನ್ನು ಎಲ್ಲಕ್ಕಿಂತ ಹೆಚ್ಚು ಸಲ ಅಭ್ಯಾಸ ಮಾಡಿಸಬೇಕು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ರೀತಿ: "ಹಂಗೇನ್ ಕೆಟ್ಟ ವಿಚಾರ ಬರಂಗಿಲ್ಲ, ಹೌದಲ್ರಿ?" ಇದಕ್ಕೆ "ಇಲ್ರಿ" ಎಂಬ ಉತ್ತರ ಪ್ರಶ್ನೆಯಲ್ಲೇ ಕೂತಿದೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಇದರ ಹಿಂದಿರುತ್ತದೆ. ಹಾಗೆ ಆಗುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನೇರವಾಗಿ, ದನಿ ಏರಿಸದೆ ಕೇಳಬೇಕು: "ಜೀವ ಬ್ಯಾಸರಾಗೇತಿ ಅಂದ್ರಿ. ಸಾಯಬೇಕು ಅಂತ ಮನಸ್ನ್ಯಾಗ ಬಂದೈತೇನ್ರಿ?" ಹೌದೆಂದರೆ ಮುಂದಿನ ಪ್ರಶ್ನೆಗಳು ಒಂದರ ಹಿಂದೊಂದು: ಯಾವಾಗಿನಿಂದ, ಹೇಗೆ ಎಂದು ಯೋಚಿಸಿದ್ದೀರಾ, ಅದಕ್ಕೆ ಬೇಕಾದದ್ದು ಕೈಗೆ ಸಿಗುವಂತಿದೆಯೇ, ಹಿಂದೆ ಪ್ರಯತ್ನಿಸಿದ್ದಿರಾ, ಇಲ್ಲಿಯವರೆಗೆ ತಡೆದದ್ದು ಏನು.

ಪಿಎಚ್‌ಕ್ಯೂ-9 ಎಂಬ ಖಿನ್ನತೆ ಅಳೆಯುವ ಪ್ರಶ್ನಾವಳಿ ತುಂಬಿಸುವಾಗ ಆಗುವ ತಪ್ಪೂ ಇಲ್ಲಿಯದೇ. ಒಟ್ಟು ಅಂಕ 0ಯಿಂದ 27. ವಿದ್ಯಾರ್ಥಿ ಕೂಡಿಸಿ 7 ಬಂತು, ಸೌಮ್ಯ ಎಂದು ಬರೆದು ಮುಗಿಸುತ್ತಾಳೆ. ಆದರೆ 9ನೇ ಪ್ರಶ್ನೆ ಸಾವಿನ ಯೋಚನೆಯದ್ದು. ಅಲ್ಲಿ 1 ಬಿದ್ದಿದ್ದರೂ ಮೊತ್ತವನ್ನು ಬದಿಗಿಟ್ಟು ಆ ಮಾತನ್ನೇ ಎತ್ತಿಕೊಳ್ಳಬೇಕು. ಯೋಜನೆ, ಸಾಧನ ಎರಡೂ ಇವೆ ಎಂದಾದರೆ ಬಂದವರನ್ನು ಒಬ್ಬರನ್ನೇ ಬಿಟ್ಟು ಏಳಬಾರದು. ಫೋನಿನಲ್ಲಿ ಸೂಪರ್‌ವೈಸರ್, ಆಮೇಲೆ ಮನೋವೈದ್ಯರು, ಆಮೇಲೆ ಮನೆಯವರು. ಹಾವೇರಿ, ಗದಗ ಕಡೆಯ ಒಕ್ಕಲು ಮನೆಗಳಲ್ಲಿ ಹತ್ತಿ, ಮೆಣಸಿನಕಾಯಿಗೆ ಹೊಡೆದು ಉಳಿದ ಎಣ್ಣೆಯ ಡಬ್ಬಿ ಅಟ್ಟದ ಮೇಲೋ ಹಿತ್ತಲಲ್ಲೋ ಇರುತ್ತದೆ. ಅದು ಯಾರ ಮನೆಗೆ ಹೋಗಬೇಕು, ಬೀಗದ ಕೈ ಯಾರ ಹತ್ತಿರ, ಇವತ್ತು ರಾತ್ರಿ ಜೊತೆಗೆ ಮಲಗುವವರು ಯಾರು ಎನ್ನುವಷ್ಟು ಬಿಡಿಸಿ ಮಾತಾಡದೆ ಮನೆಗೆ ಕಳಿಸಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ದಿನದ 24 ತಾಸೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಚೀಟಿಯಲ್ಲಿ ಬರೆದುಕೊಡಿ. ಮನೆಯವರು "ಕೇಸ ಆಕ್ಕೈತಿ" ಎಂದು ಹೆದರಿ ಹಿಂದಿನ ಪ್ರಯತ್ನವನ್ನು ಮುಚ್ಚಿಡುವುದುಂಟು. 2017ರ ಕಾಯ್ದೆಯ 115ನೇ ಕಲಮು ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸುತ್ತದೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಪ್ರಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಇಲ್ಲ. ಆಸ್ಪತ್ರೆಯಲ್ಲಿ ಎಮ್ಮೆಲ್ಸಿ (ಪೊಲೀಸರಿಗೂ ತಿಳಿಸುವ ಮೆಡಿಕೋ-ಲೀಗಲ್ ಕೇಸು) ದಾಖಲಾದರೂ ಅದು ಶಿಕ್ಷೆಯ ದಾರಿಯಲ್ಲ ಎಂದು ವಿದ್ಯಾರ್ಥಿ ವಿವರಿಸಬಲ್ಲವಳಾಗಿರಬೇಕು.

ಸೂಪರ್‌ವಿಷನ್ ಎಂದರೆ ವಾರಕ್ಕೊಮ್ಮೆ ಹಾಜರಿ ಪುಸ್ತಕಕ್ಕೆ ಸಹಿ ಎಂದು ತಿಳಿದವರು ಬಹಳ. ಅಮೆರಿಕದಲ್ಲಿ ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕೇಕ್ರೆಪ್ ಎಂಬ ಮಂಡಳಿ ಪ್ರಾಕ್ಟಿಕಮ್ಮಿಗೆ, ಅಂದರೆ ಇಂಟರ್ನ್‌ಶಿಪ್ಪಿಗೆ ಮೊದಲಿನ ತರಬೇತಿಗೆ, 100 ತಾಸು, ಅದರಲ್ಲಿ 40 ನೇರ ಸೆಷನ್, ಇಂಟರ್ನ್‌ಶಿಪ್ಪಿಗೆ 600 ತಾಸು, ಅದರಲ್ಲಿ 240 ನೇರ ಸೆಷನ್ ಇಟ್ಟಿದೆ. ಜೊತೆಗೆ ವಾರಕ್ಕೆ ಒಂದು ತಾಸು ಒಬ್ಬೊಬ್ಬರಿಗೋ ಇಬ್ಬರಿಗೋ, ಒಂದೂವರೆ ತಾಸು ಗುಂಪಿನಲ್ಲಿ ಸೂಪರ್‌ವಿಷನ್. ಆ ಲೆಕ್ಕ ನಮಗೆ ಕಟ್ಟಳೆಯಲ್ಲ. ನೇರ ತಾಸು ಬೇರೆ, ಉಳಿದ ಕೆಲಸ ಬೇರೆ ಎಂದು ಎಣಿಸುವ ಪದ್ಧತಿ ಮಾತ್ರ ನಮಗೂ ಬೇಕೇಬೇಕು.

ಸೂಪರ್‌ವಿಷನ್ನಿಗೆ ತರಬೇಕಾದದ್ದು ವರ್ಬೇಟಿಮ್, ಅಂದರೆ ಆಡಿದ ಮಾತನ್ನು ಆಡಿದಂತೆಯೇ ಬರೆದದ್ದು. ಸೆಷನ್ನಿನ ಯಾವುದಾದರೂ ಹತ್ತು ನಿಮಿಷ, ಮೂರು ಕಾಲಮ್ಮು: ಅವರು ಆಡಿದ್ದು, ನಾನು ಆಡಿದ್ದು, ಆಗ ನನ್ನೊಳಗೆ ಆದದ್ದು. ಆ ದಿನ ಸಂಜೆಯೊಳಗೆ ಬರೆಯಬೇಕು, ಮರುದಿನಕ್ಕೆ ನೆನಪು ತಿದ್ದುಪಡಿ ಮಾಡಿಬಿಡುತ್ತದೆ. ಎರಡನೇ ಕಾಲಮ್ಮಿನಲ್ಲಿ "ನಾನು ಎಂಪಥಿ ತೋರಿಸಿದೆ" ಎಂದು ಬರೆದು ತಂದರೆ ವಾಪಸ್ ಕೊಡಬೇಕು. ತೋರಿಸಿದ್ದು ಯಾವ ಮಾತಿನಿಂದ? "ಹೋಗ್ಲಿ ಬಿಡ್ರಿ, ಎಲ್ಲಾ ಸರಿ ಹೋಗ್ತದ" ಎಂದಿದ್ದರೆ ಅದೇ ಬರೆಯಲಿ, ಕಲಿಕೆ ಇರುವುದು ಆ ವಾಕ್ಯದಲ್ಲೇ. ಮೂರನೇ ಕಾಲಮ್ಮು ಖಾಲಿ ಬಿಡುವವರು ಹೆಚ್ಚು. ಅದನ್ನು ಬೈದು ತುಂಬಿಸಲು ಆಗುವುದಿಲ್ಲ, ಸೂಪರ್‌ವೈಸರ್ ತನ್ನ ಹಳೆಯ ವರ್ಬೇಟಿಮ್ ಒಂದನ್ನು ಮೊದಲು ಓದಿ ತೋರಿಸಬೇಕು. ರೆಕಾರ್ಡಿಂಗ್ ಮಾಡುವುದಾದರೆ ಬರಹದ ಒಪ್ಪಿಗೆ ಬೇಕು. ಹೆಸರು, ಊರು ಹಾಕಿದ ಕೇಸು ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಎಂದೂ ಹೋಗಬಾರದು. ಊರು, ಅಡ್ಡಹೆಸರು ಎರಡು ಸೇರಿದರೆ ನಮ್ಮಲ್ಲಿ ಮನುಷ್ಯ ಸಿಕ್ಕಿಬಿಟ್ಟ.

ಜಾಗದ ಆಯ್ಕೆ ಬಗ್ಗೆ ಚಿಕ್ಕದಾಗಿ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ತೀವ್ರ ಕಾಯಿಲೆ ನೋಡಲು ಸಿಗುತ್ತದೆ, ಹಿರಿಯರು ಹತ್ತಿರ ಇರುತ್ತಾರೆ. ಜಿಲ್ಲಾ ಆಸ್ಪತ್ರೆ, ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್, ನೊಂದ ಹೆಣ್ಣುಮಕ್ಕಳಿಗಾಗಿ ಇರುವ ಸಾಂತ್ವನ ಕೇಂದ್ರಗಳಲ್ಲಿ ದಿನನಿತ್ಯದ ಸಂಕಟ ಸಿಗುತ್ತದೆ. ಎಲ್ಲಿಯೇ ಆಗಲಿ ಒಪ್ಪಂದ ಪತ್ರದಲ್ಲಿ ಮೂರು ಸಂಗತಿ ಬರೆಸಿಕೊಳ್ಳಿ: ಅಲ್ಲಿಯ ಸೂಪರ್‌ವೈಸರ್ ಯಾರು, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಇದೆಯೇ, ವಾರಕ್ಕೆ ಎಷ್ಟು ನೇರ ಸೆಷನ್. ಬರೆಸದಿದ್ದರೆ ಆರು ವಾರ ಓಪಿಡಿ ಚೀಟಿ ಬರೆಯುವುದರಲ್ಲೇ ಕಳೆಯುತ್ತದೆ.

ಪುಸ್ತಕದ ಹನ್ನೆರಡು ಸೆಷನ್ನಿನ ಯೋಜನೆಯನ್ನು ಇಲ್ಲಿ ನಂಬಿಕೊಳ್ಳಬೇಡಿ. 2023ರ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಳಿದಿದೆ, ದಿನದ ಕೂಲಿ ಉಳಿದಿಲ್ಲ. ಬಿತ್ತನೆ ಬಂದರೆ, ಜಾತ್ರೆ ಬಂದರೆ ಒಮ್ಮೆ ಬಂದವರು ಮತ್ತೆ ಬರುವುದಿಲ್ಲ. ಆದ್ದರಿಂದ ಪ್ರತಿ ಸೆಷನ್ನೂ ಇದೊಂದೇ ಎಂಬಂತೆ ಮುಗಿಯಬೇಕು. ಮನೆಗೆ ಒಯ್ಯಲು ಒಂದು ಸಣ್ಣ ಕೆಲಸ, ಮತ್ತೆ ಬರಬೇಕಾದ ದಿನ, ಕಷ್ಟವಾದರೆ ಕರೆಯುವ ನಂಬರು.

ತಯಾರಿಯಲ್ಲಿ ಬಿಟ್ಟುಹೋಗುವ ಕೊನೆಯ ಪಾಠ ಬೀಳ್ಕೊಡುವುದು. ಪರೀಕ್ಷೆ ಬಂತೆಂದು ವಿದ್ಯಾರ್ಥಿ ಒಂದು ಸೋಮವಾರದಿಂದ ಕಾಣದಂತಾಗುತ್ತಾಳೆ. ತನ್ನ ಎದೆಯ ಮಾತನ್ನು ಮೊದಲ ಸಲ ಬಿಚ್ಚಿದ ಹೆಂಗಸು ಬಂದು, ಖಾಲಿ ಕುರ್ಚಿ ನೋಡಿ ಹೋಗುತ್ತಾಳೆ. ಕನಿಷ್ಠ ಮೂರು ಭೇಟಿ ಮೊದಲೇ ಹೋಗುವ ದಿನ ಹೇಳಬೇಕು. ಮುಂದೆ ನೋಡುವವರನ್ನು ಅದೇ ಕೋಣೆಗೆ ಕರೆತಂದು ಪರಿಚಯಿಸಬೇಕು, ಫೈಲಿನಲ್ಲಿ ಒಂದು ಪುಟದ ಸಾರ ಇಟ್ಟಿರಬೇಕು. ಅದಕ್ಕೆ ಸೂಪರ್‌ವೈಸರ್ ಸಹಿ ಬಿದ್ದ ಮೇಲೆಯೇ ತಾಸಿನ ಲೆಕ್ಕ ಮುಗಿಯಿತೆಂದು ವಿಭಾಗ ಬರೆದುಕೊಳ್ಳಲಿ.