ಸಾವಿರ ವೊನ್ ನೋಟಿನ ಎರಡು ಮುಖಗಳು

ಗೆಳೆಯರೊಬ್ಬರು ಸೋಲ್ ನಗರದಿಂದ ಮರಳುವಾಗ ತಂದುಕೊಟ್ಟ 1000 ವೊನ್‌ನ ನೀಲಿ ನೋಟು ಕೆಲವು ವಾರಗಳಿಂದ ನನ್ನ ಮೇಜಿನ ಮೇಲಿದೆ. ದಕ್ಷಿಣ ಕೊರಿಯಾದ ಈಗಿನ ನೋಟುಗಳಲ್ಲಿ ಇದೇ ಅತಿ ಕಡಿಮೆ ಮೌಲ್ಯದ್ದು. 2007ರಲ್ಲಿ ಬಂದ ಈ ವಿನ್ಯಾಸದಲ್ಲಿರುವವರು ಜೋಸನ್ ರಾಜವಂಶದ ಕಾಲದ ಕನ್‌ಫ್ಯೂಷಿಯನ್ ವಿದ್ವಾಂಸ ಯಿ ಹ್ವಾಂಗ್. 1501ರಲ್ಲಿ ಹುಟ್ಟಿದ ಅವರನ್ನು ಕೊರಿಯನ್ನರು ಹೆಚ್ಚಾಗಿ ತ್ವೆಗ್ಯೆ ಎಂಬ ಕಾವ್ಯನಾಮದಿಂದಲೇ ನೆನೆಯುತ್ತಾರೆ. ಹಿಂದೆ ಸರಿದು ನೆಲೆಸುವ ತೊರೆ ಎಂಬುದು ಆ ಹೆಸರಿನ ಭಾವ. ಈ ಅರ್ಥ ತಿಳಿದ ಮೇಲೆ ನೋಟಿನ ಎರಡು ಮುಖಗಳೂ ನನಗೆ ಬೇರೆಯಾಗಿಯೇ ಕಾಣತೊಡಗಿದವು.

ಮುಂಭಾಗದಲ್ಲಿ ಅವರ ಭಾವಚಿತ್ರದ ಪಕ್ಕಕ್ಕೆ ಮ್ಯೊಂಗ್‌ನ್ಯುನ್‌ದಾಂಗ್ ಇದೆ. ಇದು ರಾಜಧಾನಿಯ ಅತ್ಯುನ್ನತ ವಿದ್ಯಾಪೀಠವಾಗಿದ್ದ ಸಂಗ್‌ಗ್ಯುನ್‌ಗ್ವಾನ್‌ನ ಪಾಠಮಂದಿರ. ತ್ವೆಗ್ಯೆ ಆ ಪೀಠದ ಮುಖ್ಯಸ್ಥರಾಗಿದ್ದವರು. ಆದರೆ ಅನಾರೋಗ್ಯದ ಕಾರಣ ಹೇಳಿ ಮತ್ತೆ ಮತ್ತೆ ಹುದ್ದೆಗಳನ್ನು ಬಿಟ್ಟು ಊರಿಗೆ ಮರಳುತ್ತಿದ್ದರು, ಅರಮನೆ ಮತ್ತೆ ಮತ್ತೆ ಕರೆಸಿಕೊಳ್ಳುತ್ತಿತ್ತು. ಆ ಕಟ್ಟಡದೊಡನೆ ಪ್ಲಮ್ ಹೂಗಳ ಕೊಂಬೆಯೊಂದು ಹಬ್ಬಿದೆ. ಚಳಿ ಕಳೆಯುವ ಮುನ್ನವೇ ಅರಳುವ ಈ ಹೂ ಕೊರಿಯಾದ ವಿದ್ವಾಂಸರಿಗೆ ಬಾಗದ ಶೀಲದ ಗುರುತು. ತ್ವೆಗ್ಯೆಗೆ ಅದು ಬರಿಯ ಗುರುತಾಗಿರಲಿಲ್ಲ. ಪ್ಲಮ್ ಹೂವಿನ ಮೇಲೆ ನೂರಕ್ಕೂ ಹೆಚ್ಚು ಕವಿತೆಗಳನ್ನು ಬರೆದ ಅವರು, ಕೊನೆಯ ದಿನವೂ ಕುಂಡದಲ್ಲಿದ್ದ ಪ್ಲಮ್ ಗಿಡಕ್ಕೆ ನೀರು ಹಾಕಲು ಹೇಳಿದರೆಂದು ಪರಂಪರೆ ನೆನೆಯುತ್ತದೆ. ಇಷ್ಟು ಆಪ್ತವಾದ ಚಿಹ್ನೆ ನೋಟುಗಳ ಮೇಲೆ ಸಿಗುವುದು ಅಪರೂಪವೆಂದೇ ನನ್ನ ಭಾವನೆ.

ಹಿಂಭಾಗಕ್ಕೆ ತಿರುಗಿಸಿದರೆ ರಾಜಧಾನಿ ಮರೆಯಾಗಿ ಬೆಟ್ಟ, ಪೈನ್ ಮರಗಳು, ನೀರು ಎದುರಾಗುತ್ತವೆ. ಇದು ಜಂಗ್ ಸನ್ ಎಂಬ ಮಹಾನ್ ಚಿತ್ರಕಾರ 1746ರಲ್ಲಿ, ಅಂದರೆ ತ್ವೆಗ್ಯೆ ತೀರಿಕೊಂಡು ಸುಮಾರು ಒಂದೂಮುಕ್ಕಾಲು ಶತಮಾನ ಕಳೆದ ಮೇಲೆ, ಬರೆದ ಚಿತ್ರ. ತೊರೆಯ ದಡದಲ್ಲಿ ಶಾಂತವಾಗಿ ವಾಸಿಸುವುದು ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ; ಅದರಲ್ಲಿರುವುದು ತ್ವೆಗ್ಯೆ ಬಾಳಿದ ಪುಟ್ಟ ಮನೆ. 1983ರ ನೋಟಿನ ಹಿಂಬದಿಯಲ್ಲಿ ಆಂದೋಂಗ್ ಬಳಿಯ ದೋಸನ್ ಸೋವನ್ ವಿದ್ಯಾಕೇಂದ್ರವಿತ್ತು. ಅದು ಶಿಷ್ಯರು 1574ರಲ್ಲಿ, ಗುರುವಿನ ನಿಧನಾನಂತರ, ಕಟ್ಟಿದ ಸ್ಮಾರಕ. ಸ್ಮಾರಕವನ್ನು ಬಿಟ್ಟು ಬದುಕಿದ್ದ ಗುರುವಿನ ಪುಟ್ಟ ಮನೆಯನ್ನು ಆರಿಸಿಕೊಂಡದ್ದು ನನಗೆ ಬಹಳ ಸರಿಯೆನಿಸುತ್ತದೆ.

ಭೂತಗನ್ನಡಿ ಹಿಡಿದು ನೋಡಿದಾಗ ಆ ಮನೆಯೊಳಗೆ ಕುಳಿತ ಒಬ್ಬ ವ್ಯಕ್ತಿ ಕಾಣಿಸುತ್ತಾನೆ. ಮುಂಭಾಗದಲ್ಲಿ ನೋಟಿನ ಎತ್ತರವನ್ನೇ ತುಂಬಿಕೊಂಡಿರುವ ವಿದ್ವಾಂಸರು ಇಲ್ಲಿ ಬೆಟ್ಟದ ಬುಡದಲ್ಲಿ ಎಳ್ಳುಕಾಳಿನಷ್ಟೂ ಇಲ್ಲ.