ಪಿಎಚ್‌ಡಿಗೆ ಎಷ್ಟು ಲಕ್ಷ ಬೇಕು?

ನಮ್ಮ ಬೀದಿ ಹುಡುಗಿ, ತೋಳಹುಣಸೆಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಓದ್ತಿದ್ದಾಳೆ. "ಅಣ್ಣ, ಪಿಎಚ್‌ಡಿ ಮಾಡೋಕೆ ಎಷ್ಟು ಲಕ್ಷ ಬೇಕಾಗುತ್ತೆ?" ಅಂತ ಕೇಳಿದ್ಲು. ಹೊಟ್ಟೆಯಲ್ಲಿ ಸಂಕಟ ಆಯ್ತು. ಓದೋದಕ್ಕೆ ಸರ್ಕಾರವೇ ತಿಂಗಳು ತಿಂಗಳು ದುಡ್ಡು ಕೊಡುತ್ತೆ ಅಂತ ಇಷ್ಟು ವರ್ಷದಲ್ಲಿ ಆ ಮಗುವಿಗೆ ಯಾರೂ ಹೇಳೇ ಇಲ್ವಲ್ಲ!

ವಿಜ್ಞಾನ ಓದಿದವರಿಗೆ ನಡೆಯೋ ಸಿಎಸ್‌ಐಆರ್-ಯುಜಿಸಿ ನೆಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಜೆಆರ್‌ಎಫ್ (ಸಂಶೋಧನೆ ಮಾಡೋರಿಗೆ ಕೊಡೋ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. 2023ರ ಜನವರಿಯಿಂದ ಜಾರಿಗೆ ಬಂದ ದರ ಇದು. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಎಂಜಿನಿಯರಿಂಗ್‌ನವರಿಗೆ ಗೇಟ್ ಅನ್ನೋ ಪರೀಕ್ಷೆ ಇದೆ, ಅದರ ಅಂಕ ಮೂರು ವರ್ಷ ನಡೆಯುತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ (ಐಐಎಸ್‌ಸಿ) ಬಿಇ ಮುಗಿಸಿದವರೂ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು, ಎಂಟೆಕ್ ಆಗಿರಲೇಬೇಕು ಅಂತಿಲ್ಲ. ಫೆಲೋಶಿಪ್ ಹಣ ಕೆಲವು ಸಲ ತಡವಾಗಿ ಬರುತ್ತೆ, ಅದೂ ನಿಜ. ಆದರೂ ಅಪ್ಪ ಜಮೀನು ಅಡ ಇಡಬೇಕಾದ ಓದಲ್ಲ ಇದು.

ಪಕ್ಕದ ಚಳ್ಳಕೆರೆ ಹತ್ತಿರ ಐಐಎಸ್‌ಸಿ ಕ್ಯಾಂಪಸ್ಸೇ ಇದೆ. ನಮ್ಮ ಎಷ್ಟೋ ಮಕ್ಕಳಿಗೆ ಅದರ ಕಾಂಪೌಂಡ್ ಗೊತ್ತು, ಒಳಗೆ ಹೋಗೋ ದಾರಿ ಗೊತ್ತಿಲ್ಲ.

ಮೇಷ್ಟ್ರುಗಳೇ, ಕೊನೇ ವರ್ಷದವರೆಗೆ ಕಾಯದೆ ಮೊದಲ ಸೆಮಿಸ್ಟರ್‌ನಲ್ಲೇ ಇದನ್ನ ಕ್ಲಾಸಲ್ಲಿ ಹೇಳಿ. ಜೆಆರ್‌ಎಫ್‌ಗೆ ವಯೋಮಿತಿ ಇದೆ, ತಯಾರಿಗೂ ಸಮಯ ಬೇಕು.